ಸ್ಮರಣ ಸಂಚಿಕೆಗೆ ಎರಡು ಪುಟ

ಬರುವ ಫೆಬ್ರವರಿಗೆ ನಮ್ಮ ಸಭೆಗೆ ನೂರು.
ನೀವು ಟೀಚರಾಗಿದ್ದವರು, ಚರಿತ್ರೆ ಬರೆದುಕೊಡಿ, ಎರಡೇ ಪುಟ,
ಅಂದರು ಕಾರ್ಯದರ್ಶಿ ಅಮ್ಮನ್ನ.
ಇಸವಿಗಳಿರಲಿ, ಸಭಾಪಾಲಕರ ಹೆಸರು ಸಾಲಾಗಿ ಬರಲಿ,
ಮೂರನೇ ಪುಟಕ್ಕೆ ಹಂಚಿನಂಗಡಿಯ ಜಾಹೀರಾತು ಸಿಕ್ಕಿದೆ.

ಇಸವಿ ಗೊತ್ತಿಲ್ಲ ನನಗೆ. ವಾಸನೆ ಗೊತ್ತು.
ಮಲ್ಪೆ ದಾರಿಯ ಈ ಗೋಡೆಗಳೊಳಗೆ ಮೊದಲಿದ್ದದ್ದು ಒಣಮೀನು.
ಬೆಳಗಾವಿ ಕಡೆಯ ಉಪದೇಶಿ ಯೆಹೆಜ್ಕೇಲಪ್ಪ,
ತಗಡಿನ ಪೆಟ್ಟಿಗೆ, ಕಡ್ಡಿ ಮುರಿದ ಕೊಡೆ, ತುಳು ಒಂದಕ್ಷರ ಬಾರದು,
ತಿಂಗಳಿಗೆ ಒಂದೂವರೆ ರೂಪಾಯಿಗೆ ಗೋದಾಮು ಹಿಡಿದರಂತೆ.
ಮೊದಲ ಆರಾಧನೆಗೆ ಏಳು ಜನ, ಎರಡು ಬೆಕ್ಕು.
ಕೊನೇತನಕ ಕೂತದ್ದು ಬೆಕ್ಕುಗಳು ಮಾತ್ರ
ಎನ್ನುತ್ತಿದ್ದಳು ಅಜ್ಜಿ.
ಆಮೇಲೆ ಎಷ್ಟು ಸುಣ್ಣ ಬಳಿದೆವು! ಆದರೂ
ಆಟಿಯ ಥಂಡಿಯಲ್ಲಿ, ಪಾಪನಿವೇದನೆಯ ಹೊತ್ತಿಗೆ ಸರಿಯಾಗಿ
ಗೋಡೆಗೆ ನೆನಪಾಗುತ್ತದೆ.

ಹಾರ್ಮೋನಿಯಂ ಬಗ್ಗೆ ಬರೆಯಲೇ?
ನಡು ಸಪ್ತಕದಲ್ಲಿ ಒಂದು ಮನೆ ಸತ್ತಿತ್ತು.
ಆ ಸ್ವರ ಬಂದಲ್ಲಿ ಇಡೀ ಸಭೆ ಒಂದು ಉಸಿರು ನಿಲ್ಲುತ್ತಿತ್ತು.
ಕೀಬೋರ್ಡ್ ಬಂದು ಹನ್ನೊಂದು ವರ್ಷ.
ಹೊಸದಾಗಿ ನುಡಿಸುವ ಹುಡುಗ ಈಗಲೂ ತಲೆಯೆತ್ತಿ ನೋಡುತ್ತಾನೆ,
ಎಲ್ಲರೂ ಅಲ್ಲೇ ಯಾಕೆ ನಿಂತರು?

ಇದೂ ಚರಿತ್ರೆಯಲ್ಲ ಅನ್ನುತ್ತಾರೆ ಅಮ್ಮನ್ನ.

ಹಾಗಾದರೆ ಆ ಭಾನುವಾರ.
ಬಂದರಿನ ಕೆಲಸಕ್ಕೆ ಬೀದರಿನಿಂದ ಬಂದವರು,
ಘಾಳೆಪ್ಪ, ಸುಂದರಮ್ಮ, ಸೊಂಟದಲ್ಲೊಂದು ಕೂಸು.
ಊರಲ್ಲಿ ಮುತ್ತಜ್ಜನ ಕಾಲದಿಂದ ಮೆಥೊಡಿಸ್ಟರು.
ಬೋರ್ಡು ಓದಿಕೊಂಡೇ ಬಂದರು, ಬಾಗಿಲಲ್ಲಿ ನಿಂತರು,
ಸಿಮೆಂಟು ತಿಂದ ಪಾದ ಒಂದರ ಮೇಲೊಂದು.
ಬೆಂಚುಗಳು ತುಂಬಿರಲಿಲ್ಲ.
ನಾವೇ ಸ್ವಲ್ಪ ಅಗಲವಾದೆವು. ನಾನೂ,
ಹದಿನಾಲ್ಕರ ನನ್ನ ಹೊಸ ಲಂಗ ಹರಡಿಕೊಂಡು.
ಇದನ್ನು ಅಚ್ಚು ಹಾಕಲೇಬೇಕು, ಅಮ್ಮನ್ನರೇ.

ಅವರು ಹಿಂದೆ, ನೆಲಕ್ಕೆ ಕೂರಹೋದರು.
ಆಗ ಎದ್ದಳು ನನ್ನಜ್ಜಿ ಕೆಜೀಯಬಾಯಿ,
ಪ್ರಸಂಗದ ನಡುವೆಯೇ, ಪಾಸ್ಟರ ಮುಖ ನೋಡದೆ:
ಬಲೆ, ಬಲೆ, ಕುಲ್ಲುಲೆ!
ಬನ್ನಿ, ಕೂತುಕೊಳ್ಳಿ ಅಂತ.
ಸುಂದರಮ್ಮ ಬೆದರಿ ಕಾಲಡಿ ನೋಡಿದಳು.
ವಾರವೆಲ್ಲ ಬಲೆಯಿಂದ ಮೀನು ಬಿಡಿಸಿದ ಬೆರಳು ಅವಳದು.
ಎಲ್ಲದ ರೀ ಬಲಿ? ತುಳದೇನೇನ್ರೀ ಯಮ್ಮ?
ಬೀದರಿನ ಮಾತು ಅಜ್ಜಿಗೆ ತಿಳಿಯಲಿಲ್ಲ.
ಎರಡು ಹಲ್ಲಿನಲ್ಲಿ ನಕ್ಕು, ಕೂಸಿನ ಮೂಗು ಒರೆಸಿ,
ಇಸ್ತ್ರಿ ಸೀರೆಯಲ್ಲೇ ಅವಳ ಪಕ್ಕ ನೆಲಕ್ಕೆ ಕೂತುಬಿಟ್ಟಳು.

ಆಶೀರ್ವಾದದ ಹೊತ್ತಿಗೆ ಏಳಲಾಗಲಿಲ್ಲ.
ಮಂಡಿ ಸೆಟೆದಿತ್ತು. ಘಾಳೆಪ್ಪ ಬಂದು ಎತ್ತಿದ,
ಮೂಟೆ ಹೊರುವ ಕೈ ಅದು,
ಆದರೆ ಎತ್ತಿದ್ದು ನಿದ್ದೆಯ ಕೂಸನ್ನು ಎತ್ತುವ ಹಾಗೆ.

ಮರುವಾರವೇ ಎಲ್ಲ ಬದಲಾಯಿತು ಎಂದು ಬರೆಯುವುದಿಲ್ಲ.
ಮುಂದಿನ ಸಾಲಿಗೆ ಅವರು ಬರಲು ಮೂರು ವರ್ಷ ಹಿಡಿಯಿತು.
ಒಂದು ಮನೆಯವರು ಸಿಟ್ಟಾಗಿ ಬೇರೆ ಚರ್ಚಿಗೆ ಹೋದರು,
ಯಾರೆಂದು ಬರೆಯುವುದಿಲ್ಲ, ಮೊಮ್ಮಕ್ಕಳು ಈಗ ನಮ್ಮಲ್ಲೇ ಇದ್ದಾರೆ.
ಪ್ರೇಮಭೋಜನಕ್ಕೆ ಜೋಳದ ರೊಟ್ಟಿಯೂ ಪುಳಿಮುಂಚಿಯೂ
ಒಂದೇ ತಟ್ಟೆಗೆ ಬಿದ್ದ ದಿನ ಯಾವುದು?
ಯಾರೂ ಗುರುತು ಹಾಕಿಡಲಿಲ್ಲ. ಹಸಿವಾಗಿತ್ತು, ತಿಂದೆವು.
ವರ್ಷದ ಕೊನೇ ರಾತ್ರಿ ಒಡಂಬಡಿಕೆಯ ಮಾತು ಓದುವಾಗ
ಸುಂದರಮ್ಮನ ದನಿ ಈಗಲೂ ಎಲ್ಲರಿಗಿಂತ ಅರ್ಧ ಸಾಲು ಹಿಂದೆ,
ಕೊನೇ ಆಮೆನ್ ಯಾವಾಗಲೂ ಅವಳದೇ.

ಅಮ್ಮನ್ನರೇ, ಪುಟ ಮುಗಿಯುತ್ತ ಬಂತು, ಇಸವಿ ನೀವೇ ಸೇರಿಸಿಕೊಳ್ಳಿ.
ಕಳೆದ ಭಾನುವಾರ ಬಾಗಿಲಲ್ಲಿ ಇಬ್ಬರು ಹುಡುಗರಿದ್ದರು,
ಬೋಟಿನವರು, ಒಡಿಶಾದವರಂತೆ, ಚಪ್ಪಲಿ ಕೈಯಲ್ಲಿ.
ಅಜ್ಜಿಯ ಮೊಮ್ಮಗಳು ನಾನು. ಆದರೂ
ಸೆರಗು ತಾನಾಗಿ ಅಗಲವಾಯಿತು, ಆ ಲಂಗದ ಹಾಗೆಯೇ.
ನೋಡಿಕೊಂಡೆ. ಎಳೆದುಕೊಂಡೆ.
ಬೆಂಚಿನ ಮರ ಕಂಡಿತು,
ಇಬ್ಬರಿಗೆ ಸಾಲುವಷ್ಟು.